ಯಾವ ದುರಸ್ತಿ ಎಲ್ಲಿ ಆಗಬೇಕು?

ಸೈಕಲ್ಲಿನ ಚೈನು ಕಳಚಿದರೆ ನಾವೇ ರಸ್ತೆಯ ಬದಿಗೆ ನಿಂತು ಸಿಕ್ಕಿಸಿಕೊಳ್ಳುತ್ತೇವೆ. ಪಂಕ್ಚರಾದರೆ ಮೂಲೆಯ ಅಂಗಡಿಯವರೆಗೆ ತಳ್ಳಿಕೊಂಡು ಹೋಗುತ್ತೇವೆ. ಚೌಕಟ್ಟೇ ಮುರಿದರೆ ಬೆಸುಗೆ ಹಾಕುವವನಿಗೆ ಒಪ್ಪಿಸಿ ನಾಲ್ಕು ದಿನ ಬಸ್ಸಿನಲ್ಲಿ ಓಡಾಡುತ್ತೇವೆ. ಬ್ರೇಕಿನ ರಬ್ಬರು ಸವೆದರೆ ಅದನ್ನು ಯಾರಿಂದಲೂ ರಿಪೇರಿ ಮಾಡಿಸುವುದಿಲ್ಲ. ಎಸೆದು ಹೊಸದು ಹಾಕುತ್ತೇವೆ. ಯಾವ ಕೆಲಸ ಎಲ್ಲಿ ಆಗಬೇಕೆಂಬುದು ನಮಗೆ ಯಾರೂ ಕಲಿಸದೆಯೇ ತಿಳಿದಿದೆ. ಆದರೆ ಸಾವಿರಾರು ಲಾರಿ, ಟ್ಯಾಂಕು, ತೋಪು, ರೇಡಿಯೋಗಳನ್ನು ಸಾಕಬೇಕಾದ ಸೈನ್ಯ ಇದನ್ನು ಅಂದಾಜಿಗೆ ಬಿಡುವಂತಿಲ್ಲ. ಅಲ್ಲಿ ಇದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಅದರ ತಿರುಳನ್ನು ಈ ಪಾಠದಲ್ಲಿ ನೋಡೋಣ.

ಮೆಟ್ಟಿಲುಗಳು

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಭೂಸೇನೆಯು ದುರಸ್ತಿಯನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿತ್ತು. ಮೊದಲನೆಯದು ವಾಹನ ನಡೆಸುವವನದೇ: ಎಣ್ಣೆ, ನೀರು, ಚಕ್ರದ ಗಾಳಿ ನೋಡುವುದು, ಸಡಿಲವಾದ ಬೋಲ್ಟು ಬಿಗಿಯುವುದು. ಎರಡನೆಯದು ಅದೇ ದಳದ ಮೆಕ್ಯಾನಿಕ್ಕಿನದು: ಸಣ್ಣ ಹೊಂದಾಣಿಕೆ, ಸಣ್ಣ ಬಿಡಿಭಾಗಗಳ ಬದಲಾವಣೆ. ಮೂರನೆಯದು ದಳಗಳ ಬೆನ್ನಿಗೇ ಸಂಚರಿಸುವ ವರ್ಕ್‌ಷಾಪು. ಎಂಜಿನ್ನು, ಗೇರುಪೆಟ್ಟಿಗೆಗಳನ್ನು ಇಡಿಯಾಗಿ ಇಳಿಸಿ ಬೇರೆಯದನ್ನು ಕೂರಿಸುವುದು ಅದರ ಕೆಲಸ. ನಾಲ್ಕನೆಯದು ಇನ್ನಷ್ಟು ಹಿಂದಿರುವ ಭಾರಿ ವರ್ಕ್‌ಷಾಪು. ಐದನೆಯದು ಮೂಲ ನೆಲೆಯ ಕಾರ್ಖಾನೆ. ಅಲ್ಲಿ ಯಂತ್ರವನ್ನು ಪೂರ್ತಿ ಬಿಚ್ಚಿ, ತೊಳೆದು, ಅಳೆದು, ಹೊಸದರಂತೆ ಕಟ್ಟುತ್ತಾರೆ. ಈಗ ಆ ಸೇನೆ ಐದು ಮೆಟ್ಟಿಲುಗಳನ್ನು ಎರಡಕ್ಕೆ ಇಳಿಸಿದೆ. ಲೆಕ್ಕ ಬದಲಾದಂತೆ ಮೆಟ್ಟಿಲುಗಳೂ ಬದಲಾಗುತ್ತವೆ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆಂದೇ 1943ರಲ್ಲಿ ಭೂಸೇನೆಯ ಒಂದು ಪ್ರತ್ಯೇಕ ದಳ ಹುಟ್ಟಿತು, ಇ.ಎಂ.ಇ. ಎಂದು ಅದನ್ನು ಕರೆಯುತ್ತಾರೆ. ಅದರ ಮಿಲಿಟರಿ ಕಾಲೇಜು ಸಿಕಂದರಾಬಾದಿನಲ್ಲಿದೆ. ಪುಣೆಯ ಖಡಕಿ, ದೆಹಲಿ, ಬೆಂಗಳೂರುಗಳಲ್ಲಿ ಬೇಸ್ ವರ್ಕ್‌ಷಾಪುಗಳು ನೆಲೆಗೊಂಡವು. ಬೆಂಗಳೂರಿಗೆ ಇದು ಹೊಸ ಕಸುಬೇನಲ್ಲ. 1940ರಲ್ಲಿ ಅಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು 1943ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ವಾಯುಪಡೆಯ ವಿಮಾನಗಳನ್ನೂ ಎಂಜಿನ್ನುಗಳನ್ನೂ ಬಿಚ್ಚಿ ಕಟ್ಟುವ ನೆಲೆಯಾಗಿತ್ತು. ಕಾದಾಟ ಬರ್ಮಾದ ಕಡೆ, ದೊಡ್ಡ ದುರಸ್ತಿ ಬೆಂಗಳೂರಿನಲ್ಲಿ. ಕೊನೆಯ ಮೆಟ್ಟಿಲು ರಣರಂಗದಿಂದ ದೂರ, ನುರಿತ ಕೈಗಳಿಗೆ ಹತ್ತಿರ ಇರಬೇಕೆಂಬುದಕ್ಕೆ ಇದೊಂದು ನಿದರ್ಶನ.

ಕೇಳಬೇಕಾದ ಪ್ರಶ್ನೆಗಳು

ಒಂದು ಭಾಗವನ್ನು ಯಾವ ಮೆಟ್ಟಿಲಿಗೆ ಒಪ್ಪಿಸಬೇಕೆಂದು ನಿರ್ಧರಿಸುವ ಮೊದಲು ಐದು ಮಾತು ಕೇಳಬೇಕು. ಅದು ಎಷ್ಟು ಸಲ ಕೆಡುತ್ತದೆ? ಅದನ್ನು ಪರೀಕ್ಷಿಸಲು ಯಾವ ಸಲಕರಣೆ ಬೇಕು, ಅದರ ಬೆಲೆಯೇನು? ಎಂಥ ಕುಶಲತೆ ಬೇಕು? ಹೋಗಿಬರಲು ಎಷ್ಟು ದಿನ? ರಿಪೇರಿಯ ಖರ್ಚಿಗಿಂತ ಹೊಸದೇ ಅಗ್ಗವೇ? ಕೊನೆಯ ಪ್ರಶ್ನೆಗೆ ‘ಹೌದು’ ಎಂದಾದರೆ, ನಮ್ಮ ಬ್ರೇಕಿನ ರಬ್ಬರಿನಂತೆ, ಎಸೆಯುವುದೇ ಲೇಸು.

ಒಂದು ಲೆಕ್ಕ

ಪಾಠಕ್ಕಾಗಿ ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ. ಒಂದು ರೇಡಿಯೋದೊಳಗಿನ ಪೆಟ್ಟಿಗೆ. ಬೆಲೆ 20,000 ರೂ. ಎಲ್ಲ ದಳಗಳಲ್ಲೂ ಸೇರಿ ತಿಂಗಳಿಗೆ 20 ಪೆಟ್ಟಿಗೆ ಕೆಡುತ್ತವೆ. ಪರೀಕ್ಷಾ ಯಂತ್ರಕ್ಕೆ 3 ಲಕ್ಷ ರೂ. ಕೂಲಿಯನ್ನು ಸದ್ಯಕ್ಕೆ ಬದಿಗಿಡೋಣ.

ಮೂಲ ನೆಲೆಗೆ ಕಳುಹಿಸಿದರೆ ಹೋಗಿ, ಸರಿಯಾಗಿ, ಮರಳಿ ಬರಲು 90 ದಿನ, ಅಂದರೆ 3 ತಿಂಗಳು. ಹಾಗಾದರೆ ಯಾವಾಗಲೂ 60 ಪೆಟ್ಟಿಗೆ ದಾರಿಯಲ್ಲೋ ಮೇಜಿನ ಮೇಲೋ ಇರುತ್ತವೆ. ಅಷ್ಟನ್ನು ಹೆಚ್ಚಾಗಿ ಕೊಂಡಿಡಬೇಕು: 12 ಲಕ್ಷ. ಯಂತ್ರ ಒಂದೇ ಸಾಕು: 3 ಲಕ್ಷ. ಒಟ್ಟು 15 ಲಕ್ಷ.

ಮಧ್ಯದ ವರ್ಕ್‌ಷಾಪಿನಲ್ಲಾದರೆ 15 ದಿನ ಸಾಕು. ಹೆಚ್ಚುವರಿ ಪೆಟ್ಟಿಗೆ 10. ಬೆಲೆ 2 ಲಕ್ಷ. ಆದರೆ ಅಂಥ ವರ್ಕ್‌ಷಾಪುಗಳು 5. ಒಂದೊಂದಕ್ಕೂ ಯಂತ್ರ ಬೇಕು: 15 ಲಕ್ಷ. ಒಟ್ಟು 17 ಲಕ್ಷ. ಮೂಲ ನೆಲೆಯೇ ಅಗ್ಗವಾಯಿತು.

ಈಗ ತಿಂಗಳಿಗೆ 40 ಕೆಡುತ್ತವೆಂದುಕೊಳ್ಳಿ. ಮೂಲ ನೆಲೆಯ ದಾರಿಗೆ 120 ಪೆಟ್ಟಿಗೆ: 24 ಲಕ್ಷ, ಯಂತ್ರಕ್ಕೆ 3, ಒಟ್ಟು 27 ಲಕ್ಷ. ಮಧ್ಯದ ವರ್ಕ್‌ಷಾಪಿಗೆ 20 ಪೆಟ್ಟಿಗೆ: 4 ಲಕ್ಷ, ಯಂತ್ರಗಳಿಗೆ 15, ಒಟ್ಟು 19 ಲಕ್ಷ. ತೀರ್ಪು ತಿರುಗುಮುರುಗಾಯಿತು! ಪೆಟ್ಟಿಗೆ ಅದೇ, ಯಂತ್ರ ಅದೇ. ಕೆಡುವ ಸಂಖ್ಯೆಯೊಂದೇ ಬದಲಾದದ್ದು.

ಹಣಕ್ಕೆ ಮೀರಿದ್ದು

ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಇವು ಸರಾಸರಿಯ ಅಂಕಿಗಳು. ಒಂದು ತಿಂಗಳು ಹೆಚ್ಚು ಕೆಟ್ಟರೆ ತಡೆದುಕೊಳ್ಳಲು ಇನ್ನಷ್ಟು ಸಂಗ್ರಹ ಬೇಕು. ಹಿಮ ಬಿದ್ದು ಘಾಟಿಯ ದಾರಿ ಮುಚ್ಚುವ ಠಾಣ್ಯದಲ್ಲಿ 90 ದಿನದ ಲೆಕ್ಕವೇ ನಡೆಯದು. ಅಲ್ಲಿ ದುಬಾರಿಯಾದರೂ ಕೆಲಸ ಸ್ಥಳದಲ್ಲೇ ಆಗಬೇಕು. ಇನ್ನೊಂದೆಡೆ, ಶೆಲ್ಲು ಬೀಳುವ ಜಾಗದಲ್ಲಿ ನಾಜೂಕಿನ ಯಂತ್ರವನ್ನಿಡುವುದೂ ವಿವೇಕವಲ್ಲ. ಮೂಕವಾದ ರೇಡಿಯೋದ ಮುಂದೆ ಕುಳಿತ ಸಿಪಾಯಿಗೆ ಉಳಿದ 2 ಲಕ್ಷದಿಂದ ಸಮಾಧಾನವಾಗದು.

ಗುಮಾಸ್ತನ ಪಾಲು

ವಾಚಕರಲ್ಲಿ ಅನೇಕರು ಲೆಡ್ಜರು, ಚೀಟಿ, ವೋಚರುಗಳ ನಡುವೆ ದಿನ ಕಳೆಯುವವರು. ಅವರು ಕೇಳಬಹುದು: ತಿಂಗಳಿಗೆ 20 ಎಂಬ ಅಂಕಿ ಬಂದುದು ಎಲ್ಲಿಂದ? ಕೆಟ್ಟ ಸಾಮಾನಿಗೆ ಕಟ್ಟಿದ ಚೀಟಿಯಿಂದ. ಅದನ್ನು ಪುಸ್ತಕಕ್ಕೆ ಏರಿಸಿದ ಗುಮಾಸ್ತನ ಕೈಯಿಂದ. ಕೆಟ್ಟದ್ದು ಬರಿಯ ತಂತಿ, ಆದರೆ ಅವಸರದಲ್ಲಿ ಚೀಟಿಯ ಮೇಲೆ ‘ಪೆಟ್ಟಿಗೆ ಕೆಟ್ಟಿದೆ’ ಎಂದಷ್ಟೇ ಬರೆದರೆ, ಒಳ್ಳೆಯ ಪೆಟ್ಟಿಗೆ ಮೂರು ತಿಂಗಳು ಪ್ರಯಾಣ ಮಾಡಿ, ‘ದೋಷವಿಲ್ಲ’ ಎನ್ನಿಸಿಕೊಂಡು ಹಿಂದಿರುಗುತ್ತದೆ. 20ರಲ್ಲಿ 5 ಹೀಗಾದರೆ, ಮೂಲ ನೆಲೆಯ ಲೆಕ್ಕದಲ್ಲಿ 15 ಒಳ್ಳೆಯ ಪೆಟ್ಟಿಗೆಗಳು, 3 ಲಕ್ಷ ರೂಪಾಯಿಯ ಸಾಮಾನು, ಸದಾ ದಾರಿಯಲ್ಲೇ ಬಿದ್ದಿರುತ್ತವೆ. ಅತ್ತ ತಂತಿ ಕಿತ್ತ ರೇಡಿಯೋ ಹಾಗೆಯೇ ಉಳಿಯುತ್ತದೆ. ಏನು ಕೆಟ್ಟಿತು, ಹೇಗೆ ಕೆಟ್ಟಿತು, ಎಷ್ಟು ಗಂಟೆ ಓಡಿದ ಮೇಲೆ ಕೆಟ್ಟಿತು ಎಂಬ ಮೂರು ಸಾಲು ಸರಿಯಾಗಿ ಬರೆದವನು ಸ್ಪ್ಯಾನರು ಹಿಡಿಯದಿದ್ದರೂ ದುರಸ್ತಿಯಲ್ಲಿ ಪಾಲುಗಾರನೇ. ಸೈನ್ಯದ ಮಾತು ಹಾಗಿರಲಿ, ರೈಲ್ವೆ, ಬಸ್ಸು, ಗಿರಣಿ, ಟೆಲಿಫೋನು ಇಲಾಖೆಗಳಲ್ಲಿಯೂ ಇದೇ ನ್ಯಾಯ.

ಅಭ್ಯಾಸ: ಮೇಲಿನ ಲೆಕ್ಕದಲ್ಲಿ ತಿಂಗಳಿಗೆ ಎಷ್ಟು ಪೆಟ್ಟಿಗೆ ಕೆಟ್ಟರೆ ಎರಡು ದಾರಿಗಳ ಖರ್ಚೂ ಸಮನಾಗುತ್ತದೆ? ಕಾಗದದ ಮೇಲೆ ಮಾಡಿ ನೋಡಿದ ಮೇಲೆಯೇ ಉತ್ತರ ಓದಿರಿ.

(ಉತ್ತರ: 24. ಆಗ ಎರಡೂ ಕಡೆ 17 ಲಕ್ಷ 40 ಸಾವಿರ ರೂ.)