ಚಾಕ್ಕೆ ನೀರು ಹೇಗೆ ಕಾಯಬೇಕು?



ಸಂಘದ ಸಭೆ ಇರಲಿ, ಮನೆಗೆ ನೆಂಟರು ಬರಲಿ, ಮೊದಲು ಒಲೆಯ ಮೇಲೆ ಏರುವುದು ಚಾದ ಪಾತ್ರೆ. ಸಂಘದಿಂದ ಸಾಲ ಪಡೆದು ಚಾ ಅಂಗಡಿ, ಕ್ಯಾಂಟೀನು ನಡೆಸುವ ಸದಸ್ಯೆಯರೂ ನಮ್ಮಲ್ಲಿ ಇದ್ದಾರೆ. “ಕಟ್ಟಿಗೆ ಒಲೆಯ ಚಾದ ರುಚಿ ಗ್ಯಾಸಿನದ್ದಕ್ಕೆ ಇಲ್ಲ”, “ಕರೆಂಟ್ ಕೆಟಲಿನ ಚಾ ಸಪ್ಪೆ” ಎಂಬ ಮಾತು ಕೇಳ್ತಾನೇ ಇರ್ತೇವೆ. ಇದು ನಿಜವೇ? ನೀರು ಕಾಯಿಸುವ ರೀತಿ ಬದಲಾದರೆ ಚಾ ಬದಲಾಗುತ್ತದೆಯೇ? ಈ ತಿಂಗಳ ಪಾಠದಲ್ಲಿ ಇದನ್ನೇ ತಿಳಿದುಕೊಳ್ಳೋಣ. ಇದರಲ್ಲಿ ರುಚಿಯ ವಿಷಯ ಮಾತ್ರವಲ್ಲ, ನಮ್ಮ ಖರ್ಚು ಮತ್ತು ಆರೋಗ್ಯದ ವಿಷಯವೂ ಇದೆ.

ಚಾ ಪುಡಿಯಿಂದ ಏನು ಹೊರಬರುತ್ತದೆ?

ಚಾ ಪುಡಿಯಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ: ಪರಿಮಳ ಕೊಡುವ ಅಂಶ, ಉಲ್ಲಾಸ ಕೊಡುವ ಕೆಫೀನ್, ಮತ್ತು ಬಣ್ಣ ಹಾಗೂ ಒಗರು ಕೊಡುವ ಟ್ಯಾನಿನ್. ನೀರು ಚೆನ್ನಾಗಿ ಕುದಿದಿದ್ದರೆ ಪರಿಮಳ ಮತ್ತು ಕೆಫೀನ್ ಕೆಲವೇ ನಿಮಿಷಗಳಲ್ಲಿ ನೀರಿಗೆ ಇಳಿಯುತ್ತವೆ. ಟ್ಯಾನಿನ್ ಮಾತ್ರ ಕುದಿಸಿದಷ್ಟೂ ಇಳಿಯುತ್ತಲೇ ಇರುತ್ತದೆ. ಪರಿಮಳವೋ, ಹೆಚ್ಚು ಹೊತ್ತು ಕುದಿಸಿದರೆ ಹಬೆಯ ಜೊತೆ ಹಾರಿ ಹೋಗುತ್ತದೆ. ಹೀಗಾಗಿ ನೀರು ಕುದಿಯದಿದ್ದರೆ ಚಾ ಸಪ್ಪೆ. ಪುಡಿ ಹಾಕಿ ತುಂಬಾ ಹೊತ್ತು ಕುದಿಸಿದರೆ ಕಡುಕೆಂಪು ಬಣ್ಣ, ಒಗರು, ಕಹಿ.

ಚಾದ ಗುಣಮಟ್ಟ ಹೋಲಿಸಿ ನೋಡಲು ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಒಂದು ಕ್ರಮವಿದೆ. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಪುಡಿ. ಕೊತಕೊತ ಕುದಿಯುವ ನೀರು ಹೊಯ್ದು, ಮುಚ್ಚಿ, 6 ನಿಮಿಷ ಬಿಡಬೇಕು. ಪುಡಿ ಹಾಕಿದ ಮೇಲೆ ಒಲೆಯ ಮೇಲೆ ಕುದಿಸುವುದೇ ಇಲ್ಲ, ಗಮನಿಸಿ. ನಾವು ಕುಡಿಯುವ ಚಾಕ್ಕೆ 3–4 ನಿಮಿಷ ಸಾಕು.

ಯಾವ ಒಲೆಯಲ್ಲಿ ಏನಾಗುತ್ತದೆ?

ಪೂರ್ತಿ ಕುದಿದ ಮೇಲೆ ಕಟ್ಟಿಗೆಯ ನೀರು, ಗ್ಯಾಸಿನ ನೀರು, ಕರೆಂಟಿನ ನೀರು ಎಲ್ಲವೂ ಒಂದೇ. ವ್ಯತ್ಯಾಸ ಬರುವುದು ನೀರು ನಿಜವಾಗಿ ಕುದಿಯಿತೇ, ಉರಿ ನಮ್ಮ ಹಿಡಿತದಲ್ಲಿ ಇತ್ತೇ, ಹೊಗೆ ಸೇರಿತೇ ಎಂಬುದರಿಂದ.

1. ಕಟ್ಟಿಗೆ ಒಲೆ: ಪಾತ್ರೆ ತೆರೆದಿಟ್ಟರೆ ನೀರಿಗೆ ಹೊಗೆಯ ವಾಸನೆ ಸೇರುತ್ತದೆ. ಕೆಲವರಿಗೆ ಅದೇ ಇಷ್ಟ. ಆದರೆ ಹಸಿ ಸೌದೆ ಆದರೆ ಹೊಗೆನಾತ ಪರಿಮಳವನ್ನು ನುಂಗಿ ಬಿಡುತ್ತದೆ. ಉರಿಯನ್ನು ತಟ್ಟನೆ ನಿಲ್ಲಿಸಲಾಗದ ಕಾರಣ ಪುಡಿ ಬೇಕಾದ್ದಕ್ಕಿಂತ ಹೆಚ್ಚು ಕುದಿಯುತ್ತದೆ. ಆದ್ದರಿಂದ ಪಾತ್ರೆಗೆ ತಟ್ಟೆ ಮುಚ್ಚಿ. ಪುಡಿ ಹಾಕಿದ ಕೂಡಲೇ ಪಾತ್ರೆಯನ್ನು ಒಲೆಯಿಂದ ಇಳಿಸಿ.

2. ಗ್ಯಾಸ್ ಒಲೆ: ಉರಿ ಕೈಯಲ್ಲೇ ಇದೆ, ಬೇಕಾದಾಗ ನಿಲ್ಲಿಸಬಹುದು. ಆದರೆ ಈ ಸೌಲಭ್ಯವನ್ನು ನಾವು ಬಳಸುವುದು ಕಡಿಮೆ. ಸಣ್ಣ ಉರಿಯಲ್ಲಿ ಇಟ್ಟು ಮಾತಾಡ್ತಾ ನಿಲ್ತೇವೆ, ಚಾ ಕಷಾಯ ಆಗ್ತದೆ.

3. ಕರೆಂಟ್ ಕೆಟಲ್: ನೀರು ಬೇಗ ಕುದಿಯುತ್ತದೆ, ಹೊಗೆ ಇಲ್ಲ. ಚಾ ಸಪ್ಪೆಯಾದರೆ ಕಾರಣ ಕೆಟಲ್ ಅಲ್ಲ. ಕೆಟಲ್ ಆರಿದ ಮೇಲೆ ನೀರನ್ನು ಹಾಗೇ ಬಿಡುತ್ತೇವೆ, ಪುಡಿ ಹಾಕಿ ಅರ್ಧ ನಿಮಿಷಕ್ಕೇ ಸೋಸುತ್ತೇವೆ, ಮೇಲೆ ತಣ್ಣನೆಯ ಹಾಲು ಹೊಯ್ಯುತ್ತೇವೆ. ಕುದಿದ ಕೂಡಲೇ ಪುಡಿಯ ಮೇಲೆ ಹೊಯ್ದು, ಮುಚ್ಚಿಟ್ಟು ನೋಡಿ. ಮಾಮೂಲಿ ಕೆಟಲಿನಲ್ಲಿ ಹಾಲು, ಪುಡಿ ಹಾಕಿ ಕುದಿಸಬೇಡಿ. ತಳ ಹಿಡಿಯುತ್ತದೆ, ಉಕ್ಕಿ ಕರೆಂಟ್ ಭಾಗಕ್ಕೆ ಇಳಿಯುತ್ತದೆ.

4. ಮೈಕ್ರೋವೇವ್: ಇದರಲ್ಲಿ ನೀರು ಸಮನಾಗಿ ಕಾಯುವುದಿಲ್ಲ, ಮೇಲಿನ ನೀರು ಬಿಸಿ, ತಳದ್ದು ಅಷ್ಟು ಬಿಸಿ ಇಲ್ಲ. ಒಲೆಯಲ್ಲಾದರೆ ತಳದ ಬಿಸಿನೀರು ಮೇಲೇರಿ ತಾನಾಗಿ ಬೆರೆಯುತ್ತದೆ. ಇಲ್ಲಿ ನಾವೇ ಕಲಕಬೇಕು. ಕೆಲವೊಮ್ಮೆ ಗುಳ್ಳೆಯೇ ಬಾರದೆ ಅತಿಯಾಗಿ ಕಾದು, ಪುಡಿ ಹಾಕಿದ ಕೂಡಲೇ ಸಿಡಿಯುವುದೂ ಉಂಟು. ಸ್ವಲ್ಪ ಹೊತ್ತು ಬಿಟ್ಟು ಜಾಗ್ರತೆಯಿಂದ ಹೊರತೆಗೆಯಿರಿ.

5. ಸೋಲಾರ್, ಗೀಸರ್, ಹಂಡೆಯ ನೀರು: ಇದು ಸ್ನಾನದ ಬಿಸಿ, ಚಾದ ಬಿಸಿ ಅಲ್ಲ. ತೊಟ್ಟಿ, ಕೊಳವೆಯಲ್ಲಿ ನಿಂತ ನೀರು ಕುಡಿಯಲು ಯೋಗ್ಯವೂ ಅಲ್ಲ. ಬಕೆಟಿಗೆ ಇಳಿಬಿಡುವ ಕಾಯಿಲ್‌ನಿಂದ ಚಾದ ನೀರು ಕಾಯಿಸಲೇಬೇಡಿ. ಶಾಕ್ ಹೊಡೆಯುವ ಅಪಾಯವಿದೆ.

ಊರು ಮತ್ತು ನೀರು

ಸಮುದ್ರದ ಬದಿಯ ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರ ಹೆಚ್ಚಿದಂತೆ ಕಡಿಮೆ ಬಿಸಿಗೇ ಕುದಿಯುತ್ತದೆ: ಬೆಂಗಳೂರಿನಲ್ಲಿ ಸುಮಾರು 97, ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿ. ಎತ್ತರದ ಊರಿನವರು ಚಾ ಪುಡಿಯನ್ನು ಒಂದು ನಿಮಿಷ ಹೆಚ್ಚು ಹೊತ್ತು ಮುಚ್ಚಿಟ್ಟರೆ ಸಾಕು.

ಬೋರ್‌ವೆಲ್ಲಿನ ಗಡಸು ನೀರಾದರೆ ಹಾಲಿಲ್ಲದ ಕಣ್ಣ ಚಾದ ಮೇಲೆ ತೆಳ್ಳಗೆ ಕೆನೆಯಂತಹ ಪದರ ಕಟ್ಟುತ್ತದೆ. ಅದು ಪುಡಿಯ ಕಲಬೆರಕೆ ಅಲ್ಲ. ನೀರಿನ ಸುಣ್ಣದ ಅಂಶ ಚಾದೊಂದಿಗೆ ಸೇರಿ ಆಗುವಂಥದ್ದು. ಅಂತಹ ನೀರನ್ನು ಮೊದಲೇ ಚೆನ್ನಾಗಿ ಕುದಿಸಿ, ತಣಿಯಲು ಬಿಟ್ಟು, ಮೇಲಿನ ತಿಳಿನೀರನ್ನು ಬಳಸಿದರೆ ಪದರ ಕಡಿಮೆಯಾಗುತ್ತದೆ. ಕೆಟಲಿನ ಒಳಗೆ ಕಟ್ಟುವ ಬಿಳಿ ಪದರವೂ ಇದೇ ಸುಣ್ಣ. ಲಿಂಬೆರಸ ಬೆರೆಸಿದ ನೀರನ್ನು ಅದರಲ್ಲಿ ಕಾಯಿಸಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೋಗುತ್ತದೆ.

ಖರ್ಚಿನ ಲೆಕ್ಕ

ಒಂದು ಲೀಟರ್ ನೀರು ಕುದಿಯಲು ಬೇಕಾಗುವ ಉರುವಲು ಅಂದಾಜು ಹೀಗಿದೆ:

– ಕರೆಂಟ್ ಕೆಟಲ್: ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲು
– ಗ್ಯಾಸ್: 11–12 ಗ್ರಾಂ
– ಮೂರು ಕಲ್ಲಿನ ಒಲೆ: ಸುಮಾರು 200 ಗ್ರಾಂ ಒಣ ಸೌದೆ

14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 1,200 ಲೀಟರ್ ನೀರು ಕುದಿಸಬಹುದು. ನೀರು ಕುದಿದ ಮೇಲೆ ಅದೇ ಉರಿಯಲ್ಲಿ ಇನ್ನೂ 5 ನಿಮಿಷ ಬಿಟ್ಟರೆ ಇನ್ನೊಂದು ಲೀಟರ್ ಕುದಿಸುವಷ್ಟು ಗ್ಯಾಸ್ ಹೋಗುತ್ತದೆ. ದಿನಕ್ಕೆ ಹತ್ತು ಸಲ ಚಾ ಇಡುವ ಅಂಗಡಿಯವರು ನಿಮ್ಮ ಊರಿನ ಸಿಲಿಂಡರ್ ದರ ಹಾಕಿ ತಿಂಗಳ ಲೆಕ್ಕ ತೆಗೆಯಿರಿ.

ನಮ್ಮ ಆರೋಗ್ಯ

ಕಟ್ಟಿಗೆ ಒಲೆಯ ಹೊಗೆ ಮೊದಲು ಸೇರುವುದು ಊದುವವಳ ಎದೆಗೆ, ಅವಳ ಮಡಿಲಲ್ಲಿರುವ ಮಗುವಿನ ಎದೆಗೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಕಟ್ಟಿಗೆ ಬಿಡಲಾಗದವರು ಹೊಗೆಕೊಳವೆ ಇರುವ ಸುಧಾರಿತ ಒಲೆ ಹಾಕಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಇಂಥದ್ದೇ, ಸೌದೆಯೂ ಉಳಿಯುತ್ತದೆ.

ಇನ್ನೊಂದು ವಿಷಯ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಚಾದ ಟ್ಯಾನಿನ್ ನಾವು ತಿಂದ ಸೊಪ್ಪು, ರಾಗಿ, ಕಾಳುಗಳ ಕಬ್ಬಿಣಾಂಶವನ್ನು ಕಟ್ಟಿಹಾಕಿ, ದೇಹಕ್ಕೆ ಸೇರದಂತೆ ಮಾಡುತ್ತದೆ. ಚಾ ಕುದಿದು ಕಡುವಾದಷ್ಟೂ ಟ್ಯಾನಿನ್ ಹೆಚ್ಚು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಚಾ, ಕಾಫಿ ಬೇಡವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಸಲಹೆ ಕೊಟ್ಟಿದೆ. ಕಬ್ಬಿಣದ ಮಾತ್ರೆಯನ್ನೂ ಚಾ ಜೊತೆ ನುಂಗಬೇಡಿ. ಗರ್ಭಿಣಿಯರು, ಹದಿಹರೆಯದ ಹೆಣ್ಣುಮಕ್ಕಳು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಸರಿಯಾದ ಕ್ರಮ

– ಬೇಕಾದಷ್ಟೇ ನೀರನ್ನು ಅಳೆದು ಹಾಕಿ, ಮುಚ್ಚಿ ಕಾಯಿಸಿ.
– ತಳದಲ್ಲಿ ಸಣ್ಣ ಗುಳ್ಳೆ ಬಂದರೆ ಸಾಲದು. ನೀರು ಕೊತಕೊತ ಕುದಿಯಲಿ.
– ಪುಡಿ ಹಾಕಿ, ಉರಿ ಆರಿಸಿ, 3–4 ನಿಮಿಷ ಮುಚ್ಚಿಡಿ.
– ಬೇರೆ ಕಾಯಿಸಿದ ಬಿಸಿ ಹಾಲು ಸೇರಿಸಿ, ಸೋಸಿ.
– ಫ್ಲಾಸ್ಕಿಗೆ ಹಾಕುವುದಾದರೆ ಸೋಸಿಯೇ ಹಾಕಿ. ಹಳೆಯ ಚರಟಕ್ಕೆ ನೀರು ಹಾಕಿ ಮತ್ತೆ ಮತ್ತೆ ಕುದಿಸಬೇಡಿ.

ಸಭೆಯಲ್ಲಿ ಮಾಡಿ ನೋಡಿ

ಒಂದೇ ಪುಡಿ, ಒಂದೇ ಅಳತೆ ಇಟ್ಟುಕೊಂಡು ಮೂರು ಲೋಟ ಚಾ ಮಾಡಿ. ಒಂದಕ್ಕೆ ಬರೇ ಬಿಸಿಯಾದ ನೀರು. ಇನ್ನೊಂದಕ್ಕೆ ಕೊತಕೊತ ಕುದಿದ ನೀರು ಹೊಯ್ದು 4 ನಿಮಿಷ ಮುಚ್ಚಿಡಿ. ಮೂರನೆಯದನ್ನು ಪುಡಿ ಹಾಕಿ 10 ನಿಮಿಷ ಕುದಿಸಿ. ಸಕ್ಕರೆ, ಹಾಲು ಹಾಕದೆ ಬಣ್ಣ ನೋಡಿ, ಮೂಸಿ, ಒಂದೊಂದು ಗುಟುಕು ಕುಡಿಯಿರಿ. ಯಾವುದು ಹೇಗೆ ಮಾಡಿದ್ದೆಂದು ಮೊದಲೇ ಹೇಳಬೇಡಿ.

ಚರ್ಚೆಗೆ ಪ್ರಶ್ನೆಗಳು

1. ಮೂರು ಲೋಟಗಳಲ್ಲಿ ಹೆಚ್ಚಿನವರು ಯಾವುದನ್ನು ಮೆಚ್ಚಿದರು? ಯಾಕೆ?
2. ನಮ್ಮ ಮನೆಯಲ್ಲಿ ಪುಡಿ ಹಾಕಿದ ಮೇಲೆ ಚಾ ಎಷ್ಟು ನಿಮಿಷ ಕುದಿಯುತ್ತದೆ?
3. ನಾವು ಊಟ, ತಿಂಡಿಯ ಜೊತೆಗೇ ಚಾ ಕುಡಿಯುತ್ತೇವೆಯೇ? ಹೊತ್ತು ಬದಲಾಯಿಸಲು ಏನು ತೊಂದರೆ?
4. ಹೊಗೆಯ ಒಲೆ ಇನ್ನೂ ಇರುವ ಸದಸ್ಯೆಯರಿಗೆ ಸುಧಾರಿತ ಒಲೆ ಹಾಕಿಸಲು ಸಂಘದಿಂದ ಸಾಲ ಕೊಡಬಹುದೇ?

ನಾಲ್ಕನೆಯ ಪ್ರಶ್ನೆಗೆ ಬಂದ ಉತ್ತರವನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.