ಬಿಲ್ಲಿಂಗ್ ಕಂಪ್ಯೂಟರಿನ ಬ್ಯಾಕಪ್: ಯಾವುದನ್ನು ಉಳಿಸೋಣ, ಯಾವುದನ್ನು ಅಳಿಸೋಣ?

ಗಲ್ಲಾದ ಕಂಪ್ಯೂಟರಿನಿಂದ ನಾವು ಪ್ರತಿ ರಾತ್ರಿ ಬ್ಯಾಕಪ್ ತೆಗೆಯುತ್ತೇವೆ. ಡಿಸ್ಕ್ ತುಂಬಿತೆಂದರೆ ಎಲ್ಲಕ್ಕಿಂತ ಹಳೆಯದನ್ನು ಮೊದಲು ಅಳಿಸಿಬಿಡುತ್ತೇವೆ. ಸ್ಟೋರ್ ರೂಮಿನ ಸಾಮಾನಿಗೆ ಈ ಪದ್ಧತಿ ಸರಿ, ಲೆಕ್ಕಕ್ಕೆ ಸರಿಯಲ್ಲ. ಜಿ.ಎಸ್.ಟಿ. ನೋಟಿಸು ಬಂದಾಗ ಕೇಳುವುದು ಹಳೆಯ ವರ್ಷದ್ದನ್ನೇ.

ಸಿ.ಜಿ.ಎಸ್.ಟಿ. ಕಾಯಿದೆಯ 36ನೇ ಸೆಕ್ಷನ್ ಪ್ರಕಾರ, ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಉಳಿಸಬೇಕು. 2022-23ರ ರಿಟರ್ನಿಗೆ ಕೊನೆಯ ದಿನ 31-12-2023 ಆಗಿತ್ತು. ಆ ಲೆಕ್ಕ 31-12-2029ರ ತನಕ ಬೇಕು. ಅಪೀಲು ಅಥವಾ ತನಿಖೆ ಇದ್ದರೆ, ಅದು ಇತ್ಯರ್ಥವಾಗಿ ಒಂದು ವರ್ಷ ಅಥವಾ ಈ 72 ತಿಂಗಳು, ಯಾವುದು ತಡವೋ ಅಲ್ಲಿಯ ತನಕ.

ಹಾಗೆಂದು ವರ್ಷದ 365 ಪ್ರತಿಗಳೂ ಬೇಡ. ಇಷ್ಟು ಉಳಿಸಿದರೆ ಸಾಕು:

1. ದಿನದ ಬ್ಯಾಕಪ್: ಕೊನೆಯ 7
2. ವಾರಕ್ಕೊಂದರಂತೆ: ಕೊನೆಯ 4
3. ತಿಂಗಳ ಕೊನೆಯದು: 12
4. ಮಾರ್ಚ್ 31ರದ್ದು: 8 ವರ್ಷಗಳದ್ದು

ಒಟ್ಟು 31 ಪ್ರತಿಗಳು. ಉಳಿದದ್ದನ್ನು ಅಳಿಸಬಹುದು.

ಅಳಿಸುವ ಮೊದಲು ಹೊಸ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಒಂದು ದಿನದ ವ್ಯಾಪಾರವನ್ನು ತಾಳೆ ನೋಡೋಣ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ. ಸಾಫ್ಟ್‌ವೇರ್ ಬದಲಾದರೆ ಹಳೆಯ ಫೈಲು ತೆರೆಯದೇ ಹೋಗಬಹುದು. ಆದ್ದರಿಂದ ವರ್ಷದ ಪ್ರತಿಯ ಜೊತೆ ಬಿಲ್ಲುಗಳ ಪಟ್ಟಿಯನ್ನು ಪಿ.ಡಿ.ಎಫ್. ಮಾಡಿಡೋಣ. ಆ ಡಿಸ್ಕ್ ಕಂಪ್ಯೂಟರಿಗೆ ಸಿಕ್ಕಿಸಿಯೇ ಇದ್ದರೆ ವೈರಸ್ ಅದನ್ನೂ ಕೆಡಿಸೀತು. ಅದು ಮನೆಯ ಕಪಾಟಿನಲ್ಲಿರಲಿ.

ಅಳಿಸುವ ಕೆಲಸ ಮಾತ್ರ ಮಾಲಕರ ಎದುರಿಗೇ ನಡೆಯಲಿ.