ನಿತ್ಯದ ಉಡುಪಿಗೆ ಕಾರ್ಸೆಟ್

ದಿನವೂ ತೊಡುವ ಕಾರ್ಸೆಟ್‌ಗೆ ಸೊಂಟ ಸಣ್ಣದಾಗಿಸುವ ಕೆಲಸವಿಲ್ಲ. ಮೈಗೆ ಸರಿಯಾಗಿ ಕೂತರೆ ಸಾಕು. 19ನೇ ಶತಮಾನದ ಯುರೋಪಿನಲ್ಲಿ ಅದಕ್ಕೆ ಬಿಗಿ ಕೊಡುತ್ತಿದ್ದುದು ಉಕ್ಕಿನ ಅಥವಾ ತಿಮಿಂಗಿಲದ ಬಾಯಿಂದ ತೆಗೆದ ಪಟ್ಟಿ. ಇಂದಿನ ಅಗ್ಗದ ಕಾರ್ಸೆಟ್‌ಗಳಲ್ಲಿ ಹೆಚ್ಚಾಗಿ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ.

ಇಂಥ ಕಾರ್ಸೆಟ್ ಅನ್ನು ಗುಜರಾತಿನ ಸೂರತ್‌ನಲ್ಲಿ, ತಾಪಿ ನದಿಯ ದಡದ ಅಡಾಜಣ್ ಬಡಾವಣೆಯಲ್ಲಿ ತೊಡುವ ಬಗೆ ನೋಡೋಣ. ಅಲ್ಲಿನ ಸೆಕೆಗೆ ಬಟ್ಟೆಯೇ ಮೊದಲ ಪ್ರಶ್ನೆ. ಪಾಲಿಯೆಸ್ಟರ್‌ಗೆ ಹೆಸರಾದ ಊರಾದರೂ ಮೈಗೆ ತಾಗುವ ಅಸ್ತರು ಹತ್ತಿಯದಿರಬೇಕು. ಇಲ್ಲವೇ ಸಡಿಲವಾದ ಹತ್ತಿ ಅಂಗಿಯ ಮೇಲೆ ಕಾರ್ಸೆಟ್ ತೊಟ್ಟು, ಕೆಳಗೆ ಅಗಲ ಕಾಲಿನ ಪ್ಯಾಂಟ್ ಹಾಕಬಹುದು. ಕಲಿಯುವವರಿಗೆ ಇದೇ ಸುಲಭ, ಕಾಲೇಜಿಗೂ ಒಪ್ಪುತ್ತದೆ.

ಕಾರ್ಸೆಟ್ ಬಿಗಿಯುವ ಬೆನ್ನಿನ ಲಾಡಿ ಗುಜರಾತಿಗೆ ಹೊಸದೇನಲ್ಲ. ಅಲ್ಲಿನ ಲಂಗ-ರವಿಕೆಯ ಉಡುಗೆಯಾದ ಚಣಿಯಾ ಚೋಳಿಯಲ್ಲಿ ಅದು ಹಿಂದಿನಿಂದಲೂ ಇದೆ. ಹಾಗಾಗಿ ಲಂಗದೊಂದಿಗೆ ಕಾರ್ಸೆಟ್ ಚೆನ್ನಾಗಿ ಹೊಂದುತ್ತದೆ. ಆದರೆ ರಾತ್ರಿಯಿಡೀ ಗರ್ಬಾ ಆಡುವುದಾದರೆ ಪಟ್ಟಿಯಿಲ್ಲದ ಚೋಳಿಯೇ ಲೇಸು: ಕುಣಿತಕ್ಕೆ ಉಸಿರು ಬೇಕು. ಸೀರೆಗೆ ರವಿಕೆಯ ಬದಲು ತೊಡುವುದಾದರೆ ದರ್ಜಿಯಿಂದ ಭುಜಕ್ಕೆ ಪಟ್ಟಿ ಹೊಲಿಸಬೇಕು. ಸೆರಗಿನ ಪಿನ್ನು ನಿಲ್ಲುವುದು ಅಲ್ಲೇ.

ಸ್ಕೂಟರ್ ಓಡಿಸುವವರಿಗೆ ಸೊಂಟದ ಮೂಳೆಗಿಂತ ಮೇಲೆಯೇ ಮುಗಿಯುವ ಗಿಡ್ಡ ಕಾರ್ಸೆಟ್ ವಾಸಿ. ಉದ್ದದ್ದು ಕೂತಾಗ ತೊಡೆಗೆ ಚುಚ್ಚುತ್ತದೆ. ಕೊಳ್ಳುವ ಮೊದಲು ತೊಟ್ಟು ಕೂತು, ಬಗ್ಗಿ, ದೀರ್ಘವಾಗಿ ಉಸಿರೆಳೆದು ನೋಡಬೇಕು. ಎದೆ ಬಿಗಿದರೆ ಲಾಡಿ ಸಡಿಲಿಸಬೇಕು, ಆಗಲೂ ಬಿಗಿದರೆ ಒಂದು ಅಳತೆ ದೊಡ್ಡದು ಕೊಳ್ಳಬೇಕು.